ಡೈನಮೋ ಇಳಿಸಿ ಆಲ್ಟರ್ನೇಟರ್ ಏರಿಸಿದ ಹನ್ನೆರಡು ದಿನ

ಡಾಕ್ಟರಮ್ಮ ಮೂರನೆಯ ಸಲವೂ ನಮ್ಮ ಅಂಗಡಿಗೇ ಬಂದರು. ಎರಡು ಸಲ ಕೈಕೊಟ್ಟ ಅಂಗಡಿಗೆ ಮೂರನೆಯ ಸಲ ಬರುವ ಗಿರಾಕಿ ಮುಂಬಯಿಯಲ್ಲಿ ಸಿಗುವುದಿಲ್ಲ. ಇಲ್ಲಿ ಗಾಡಿ ಒಂದು ಸಲ ನಿಂತರೆ ಜನ ಮಿಸ್ತ್ರಿಯನ್ನು ಬದಲಾಯಿಸುತ್ತಾರೆ, ಎರಡನೆಯ ಸಲ ನಿಂತರೆ ಗಾಡಿಯನ್ನೇ ಬದಲಾಯಿಸುತ್ತಾರೆ. ಇವರು ಎರಡನ್ನೂ ಮಾಡದೆ, ಕುರ್ಲಾ ಪಶ್ಚಿಮದ ನಮ್ಮ ಗಲ್ಲಿಯಲ್ಲಿ ಆ ಹಸಿರು ಗಾಡಿಯನ್ನು ತಂದು ನಿಲ್ಲಿಸಿ ಹಾರ್ನ್ ಹೊಡೆದರು. ಹಾರ್ನ್ ಕೆಮ್ಮಿದ ಹಾಗೆ ಕೇಳಿಸಿತು. ಬ್ಯಾಟರಿ ಮತ್ತೆ ಇಳಿದಿದೆ ಎಂದು ಅಂಗಡಿಯ ಒಳಗೆ ಕೂತೇ ನನಗೆ ಗೊತ್ತಾಯಿತು.

ನಮ್ಮದು ಗಾಡಿಗಳ ವೈರಿಂಗ್, ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್, ಓಡುವಾಗ ಬ್ಯಾಟರಿ ತುಂಬಿಸುವ ಡೈನಮೋ ರಿಪೇರಿ ಮಾಡುವ ಅಂಗಡಿ. ವಿಜಯಪುರದ ಕಡೆಯಿಂದ ಬಂದ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಹಾಕಿದ್ದು. ಈಗ ನಡೆಸುವವನು ನಾನು, ಬೈಯುವವರು ಅವರು. ಡೈನಮೋದ ಒಳಗಿನ ತಾಮ್ರದ ತಂತಿ ಸುತ್ತುವುದರಲ್ಲಿ ಅವರನ್ನು ಸರಿಗಟ್ಟುವವರು ಈ ಕಡೆ ಯಾರೂ ಇಲ್ಲ. ಡಾಕ್ಟರಮ್ಮನ ಡೈನಮೋವನ್ನು ಹಿಂದಿನ ಎರಡು ವರ್ಷವೂ ಸುತ್ತಿದ್ದು ಅವರೇ. ಎರಡು ವರ್ಷವೂ ಗಾಡಿ ದಾರಿಯಲ್ಲಿ ನಿಂತಿತ್ತು.

ಗಾಡಿ ಇಂಗ್ಲೆಂಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹುಡ್ಡು, ನೆಲಕ್ಕೆ ಎಷ್ಟು ಹತ್ತಿರವೆಂದರೆ ಒಳಗೆ ಕೂತರೆ ಪಕ್ಕದ ರಿಕ್ಷಾದ ಚಕ್ರ ಕಿವಿಯ ಮಟ್ಟಕ್ಕೆ ಕಾಣುತ್ತದೆ. ಡಾಕ್ಟರಮ್ಮ ಮೈಸೂರಿನವರು. ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು, ವಯಸ್ಸು ಎಪ್ಪತ್ತನಾಲ್ಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಊರು ಬಿಟ್ಟು ಹೊರಟಿದ್ದ ಹಡಗಿನ ಕ್ಯಾಪ್ಟನ್ ಒಬ್ಬರಿಂದ ತಮ್ಮ ಸಂಬಳದಲ್ಲೇ ಕೊಂಡ ಗಾಡಿ ಅದು. ಗಂಡನದಲ್ಲ, ಅಪ್ಪನದಲ್ಲ. ಈ ಮಾತನ್ನು ಅವರು ಕೇಳದಿದ್ದರೂ ಹೇಳುತ್ತಾರೆ.

“ಮಿಸ್ತ್ರಿ, ಈ ಸಲ ದಾರೀಲಿ ನಿಂತರೆ ಮುಗೀತು ಕಣಪ್ಪ,” ಎಂದರು ಅವತ್ತು, ಗಾಡಿಯಿಂದ ಇಳಿಯದೆ. “ಮಗನಿಗೆ ಮಾತು ಕೊಟ್ಟಿದೀನಿ. ಹಳೇ ಗಾಡಿಗಳ ರ‍್ಯಾಲಿ ಬರೋ ಭಾನುವಾರದ ಆಚೆ ಭಾನುವಾರ. ಘಾಟ್ಕೋಪರಿಂದ ಹೊರಟು, ಫೋರ್ಟಿಗೆ ಹೋಗಿ, ಯಾರೂ ತಳ್ಳದೆ ಮನೆಗೆ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಮಾರೋದು.”

“ಯಾರಿಗ್ರಿ ಬಾಯಾರ?”

“ಯಾವನೋ ಹೋಟೆಲಿನವನು. ಲಾಬೀಲಿ ಗಾಜಿನ ಪೆಟ್ಟಿಗೆ ಕಟ್ಟಿಸಿ ಒಳಗೆ ನಿಲ್ಲಿಸ್ತಾನಂತೆ.” ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟರು. “ನಿಂತ ಗಾಡಿ ನೋಡೋಕೆ ನಾನು ಹೋಗಲ್ಲ.”

ಮಾರನೆಯ ದಿನ ಮಗ ಮಲಾಡಿನಿಂದ ನೇರ ನಮ್ಮ ಅಂಗಡಿಗೆ ಬಂದ. ನಲವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ನಾನೂ ತೋಳು ಏರಿಸಿಯೇ ನಿಂತಿದ್ದೆ.

“ಭೈಯ್ಯಾ, ನಾನು ವಿಲನ್ ಅಲ್ಲ,” ಎಂದ. “ಲಾಸ್ಟ್ ಇಯರ್ ಸಾಯನ್ ಫ್ಲೈಓವರ್ ಮೇಲೆ ಅಮ್ಮ ಚಾಲೀಸ್ ಮಿನಿಟ್ ಒಬ್ಬಳೇ ನಿಂತಿದ್ದಳು. ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ. ಪೀಛೇ ಸೇ ಟ್ರಕ್ ಬರ್ತಾ ಇತ್ತು. ನಾನು ರಸ್ಸೀ ತಗೊಂಡು ಬರೋತನಕ... ನನಗೆ ಈಗಲೂ ಅದು ಕನಸಲ್ಲಿ ಬರುತ್ತೆ. ಆಪ್ ಬೋಲಿಯೇ, ನಾನು ಏನು ಮಾಡಬೇಕು?”

ಏರಿಸಿದ ತೋಳು ಇಳಿಸಿದೆ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಫ್ಲೈಓವರಿನ ಮೇಲೆ ಆಕೆಯನ್ನು ಕತ್ತಲಲ್ಲಿ ನಿಲ್ಲಿಸಿದ್ದು ನಮ್ಮ ಅಂಗಡಿಯ ಕೆಲಸ.

ಗಾಡಿಯನ್ನು ಬಿಚ್ಚುವ ಮೊದಲು ಅಳೆಯಬೇಕು. ಅದನ್ನು ನಾವು ಎರಡು ವರ್ಷವೂ ಮಾಡಿರಲಿಲ್ಲ. ಗಾಡಿ ಬಂತು, ಡೈನಮೋ ಇಳಿಸಿದೆವು, ಕಾಕಾ ಸುತ್ತಿದರು, ಏರಿಸಿದೆವು, ಕಳಿಸಿದೆವು. ಈ ಸಲ ಬ್ಯಾಟರಿ ತುಂಬಿಸಿ, ಡಾಕ್ಟರಮ್ಮನ ಪಕ್ಕ ನಾನೇ ಕೂತು, ಸಂಜೆಯ ಹೊತ್ತಿನಲ್ಲಿ ಎಲ್.ಬಿ.ಎಸ್. ಮಾರ್ಗದಲ್ಲಿ ಒಂದು ಗಂಟೆ ಓಡಾಡಿದೆ. ಓಡಾಡಿದೆ ಎನ್ನುವುದು ದೊಡ್ಡ ಮಾತು, ತೆವಳಿದೆವು. ಡ್ಯಾಶ್‌ಬೋರ್ಡಿನಲ್ಲಿ ಆಮ್ಮೀಟರ್ ಇದೆ. ಸೂಜಿ ನಡುವಿನ ಸೊನ್ನೆಯಿಂದ ಬಲಕ್ಕೆ ಹೋದರೆ ಬ್ಯಾಟರಿ ತುಂಬುತ್ತಿದೆ, ಎಡಕ್ಕೆ ಹೋದರೆ ಖಾಲಿಯಾಗುತ್ತಿದೆ. ಗಾಡಿ ಮೂವತ್ತರ ಮೇಲೆ ಓಡಿದಾಗ ಸೂಜಿ ಬಲಕ್ಕೆ ಏಳುತ್ತಿತ್ತು. ನಿಂತು ಎಂಜಿನ್ ನಿಧಾನಕ್ಕೆ ತಿರುಗತೊಡಗಿದ ಕೂಡಲೇ ಎಡಕ್ಕೆ ಬೀಳುತ್ತಿತ್ತು. ಒಂದು ಗಂಟೆಯಲ್ಲಿ ನಾವು ಓಡಿದ್ದು ಹನ್ನೊಂದು ನಿಮಿಷ, ನಿಂತಿದ್ದು ಉಳಿದದ್ದೆಲ್ಲ. ಹೆಡ್‌ಲೈಟು, ಪೆಟ್ರೋಲ್ ಎಳೆಯುವ ಪಂಪು, ಕಿಡಿ ಹುಟ್ಟಿಸುವ ಕಾಯಿಲ್, ರೇಡಿಯೇಟರಿನ ಫ್ಯಾನು ಸೇರಿ ಇಪ್ಪತ್ತು ಆಂಪಿಯರ್ ತಿನ್ನುತ್ತಿದ್ದವು. ಆ ಫ್ಯಾನನ್ನು ನಾಲ್ಕು ವರ್ಷದ ಹಿಂದೆ, ಗಾಡಿ ಬಿಸಿಯಾಗುತ್ತದೆ ಎಂದು ಹಾಕಿಕೊಟ್ಟವನು ನಾನೇ. ಡೈನಮೋ ಕೆಟ್ಟಿರಲಿಲ್ಲ. ಅದನ್ನು ಮಾಡಿದವರು ಖಾಲಿ ರಸ್ತೆಗೆ ಮಾಡಿದ್ದರು, ನಾವು ಕುರ್ಲಾದಲ್ಲಿ ಓಡಿಸುತ್ತಿದ್ದೆವು.

ಆಲ್ಟರ್ನೇಟರ್ ಹಾಕಿದರೆ ಎಂಜಿನ್ ನಿಧಾನಕ್ಕೆ ತಿರುಗುವಾಗಲೂ ಕರೆಂಟು ಹುಟ್ಟುತ್ತದೆ. ಈಗಿನ ಎಲ್ಲ ಗಾಡಿಗಳಲ್ಲಿ ಇರುವುದು ಅದೇ. ಅಂಗಡಿಗೆ ಬಂದು ಹಾಗೆಂದಾಗ ಕಾಕಾ ಚಹಾದ ಗ್ಲಾಸನ್ನು ಕುಕ್ಕಿದರು.

“ನಾ ಮತ್ತೊಮ್ಮೆ ಕಟ್ಟತೀನಿ. ಈ ಸಲ ದಪ್ಪ ತಂತಿ.”

“ಕಾಕಾ, ನೀವು ಕಟ್ಟಿದ್ದರಾಗ ತಪ್ಪಿಲ್ರಿ. ಗಾಡಿ ನಿಂತಾಗ ಡೈನಮೋಕ್ಕ ತಿರಗೂದ ಸಾಲೂದಿಲ್ಲ.”

“ಐವತ್ತ ವರ್ಷ ಸಾಲ್ತು, ಈಗ ಸಾಲೂದಿಲ್ಲೇನ?”

“ಐವತ್ತ ವರ್ಷದ ಹಿಂದ ಕುರ್ಲಾದಾಗ ಇಷ್ಟ ಗಾಡಿ ಇದ್ದೂವೇನ್ರಿ?”

ಕಾಕಾ ಎದ್ದು ಹೋದರು. ನನ್ನ ಮೇಲೆ ಸಿಟ್ಟು ಬಂದರೆ ಅವರು ಬೈಯುವುದಿಲ್ಲ, ಸುಮ್ಮನಾಗುತ್ತಾರೆ. ಬೈಗುಳವೇ ಎಷ್ಟೋ ವಾಸಿ.

ಡಾಕ್ಟರಮ್ಮನಿಗೆ ಫೋನ್ ಮಾಡಿ, ಹಳೆಯ ಸಾಮಾನು ಬದಲಾದರೆ ರ‍್ಯಾಲಿಯಲ್ಲಿ ಅಂಕ ಕಡಿಮೆಯಾಗಬಹುದು ಎಂದೆ. “ಮೆಡಲ್ ಇಟ್ಕೊಂಡು ಏನ್ಮಾಡ್ಲಿ? ಮನೆಗೆ ಬಂದು ಸೇರಬೇಕು, ಅಷ್ಟೇ,” ಎಂದು ಇಟ್ಟುಬಿಟ್ಟರು.

ಅಲ್ಲಿಗೆ ಹನ್ನೆರಡರಲ್ಲಿ ಎರಡು ದಿನ ಹೋಗಿತ್ತು. ಕೆಲಸ ಶುರುವಾಗಿದ್ದು ಬ್ಯಾಟರಿಯಿಂದ. ಈಗಿನ ಯಾವ ಗಾಡಿಯಲ್ಲಾದರೂ ಬ್ಯಾಟರಿಯ ಮೈನಸ್ ತುದಿಯನ್ನು ಗಾಡಿಯ ಲೋಹದ ಮೈಗೆ ಕಟ್ಟಿರುತ್ತಾರೆ. ಈ ಗಾಡಿಯಲ್ಲಿ ಉಲ್ಟಾ, ಮೈಗೆ ಪ್ಲಸ್. ಆಲ್ಟರ್ನೇಟರಿಗೆ ಇದು ಆಗಿಬರುವುದಿಲ್ಲ, ಕಟ್ಟಿದ ಕ್ಷಣವೇ ಸುಟ್ಟು ಹೋಗುತ್ತದೆ. ಆದ್ದರಿಂದ ಮೊದಲು ಇಡೀ ಗಾಡಿಯನ್ನು ತಿರುಗಿಸಬೇಕು. ಬ್ಯಾಟರಿಯನ್ನು ಆಚೀಚೆ ಮಾಡಿ ಇಟ್ಟೆ. ಎರಡು ತುದಿಗಳ ದಪ್ಪ ಬೇರೆ ಬೇರೆ ಇರುವುದರಿಂದ ಅವಕ್ಕೆ ಬಿಗಿಯುವ ಕ್ಲಾಂಪುಗಳನ್ನು ಕತ್ತರಿಸಿ ಹೊಸದು ಹಾಕಿದೆ. ಕಾಯಿಲಿನ ಎರಡು ವೈರು ಅದಲುಬದಲು. ಆಮ್ಮೀಟರಿನ ಎರಡು ವೈರು ಅದಲುಬದಲು, ಇಲ್ಲದಿದ್ದರೆ ಸೂಜಿ ತುಂಬುವುದನ್ನು ಖಾಲಿ ಎನ್ನುತ್ತದೆ. ಸೆಲ್ಫಿಗೆ ಏನೂ ಮಾಡಬೇಕಿಲ್ಲ, ಅದು ಯಾವ ಕಡೆಯಿಂದ ಕರೆಂಟು ಕೊಟ್ಟರೂ ಒಂದೇ ಕಡೆ ತಿರುಗುತ್ತದೆ. ಡೈನಮೋದ ಕರೆಂಟನ್ನು ಹತೋಟಿಯಲ್ಲಿಡಲು ಕಟ್‌ಔಟ್ ಎಂಬ ಕಪ್ಪು ಡಬ್ಬಿ ಇತ್ತು. ಅದರ ಕೆಲಸ ಮುಗಿದಿತ್ತು. ಒಳಗಿನ ಸಾಮಾನು ತೆಗೆದು, ಡಬ್ಬಿಯನ್ನು ಅಲ್ಲೇ ಬಿಟ್ಟು, ವೈರುಗಳು ಕೂಡುವ ಜಾಗವಾಗಿ ಮಾಡಿಕೊಂಡೆ. ಬಾನೆಟ್ ತೆಗೆದವರಿಗೆ ಎಲ್ಲ ಹಾಗೇ ಇದ್ದಂತೆ ಕಾಣಬೇಕು. ಹಳೆಯ ವೈರು ಹೊಸ ಕರೆಂಟನ್ನು ತಡೆಯುವಷ್ಟು ದಪ್ಪವಿರಲಿಲ್ಲ. ಬೆರಳು ದಪ್ಪದ ಹೊಸದನ್ನು ಎಳೆದೆ.

ಆಲ್ಟರ್ನೇಟರನ್ನು ಚಿಕ್ಕ ವ್ಯಾನೊಂದಕ್ಕೆ ಬರುವಂಥದ್ದು ಆರಿಸಿದೆ, ಮೂವತ್ತೈದು ಆಂಪಿಯರಿನದು. ಡೈನಮೋ ಸೌತೆಕಾಯಿಯಂತೆ ಉದ್ದ, ಇದು ಕುಂಬಳಕಾಯಿಯಂತೆ ಗಿಡ್ಡ. ಡೈನಮೋ ಕೂತಿದ್ದ ಜಾಗದಲ್ಲಿ ಕೂರಿಸಲು ಹೊಸ ಬ್ರಾಕೆಟ್ಟು, ಅಂತರ ತುಂಬುವ ಬುಶ್ಶು, ಬೆಲ್ಟು ಸುತ್ತುವ ಸಣ್ಣ ಪುಲ್ಲಿ ಎಲ್ಲವನ್ನೂ ಪಕ್ಕದ ಗಲ್ಲಿಯ ಲೇತಿನಲ್ಲಿ ಮಾಡಿಸಬೇಕಾಯಿತು. ಪುಲ್ಲಿ ಸಣ್ಣದಾದಷ್ಟೂ ಎಂಜಿನ್ ನಿಧಾನವಿದ್ದಾಗಲೂ ಆಲ್ಟರ್ನೇಟರ್ ಜೋರಾಗಿ ತಿರುಗುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬೆಲ್ಟು ಕಿರುಚಿದ ಕಿರುಚಿಗೆ ಗಲ್ಲಿಯ ನಾಯಿಗಳು ಎದ್ದು ನಿಂತವು. ಉಡುಪಿ ಕಡೆಯ ಲೇತ್ ಮಿಸ್ತ್ರಿಯೇ ಬಂದು, ಸ್ಟೀಲ್ ಪಟ್ಟಿಯನ್ನು ಎರಡು ಪುಲ್ಲಿಗಳಿಗೆ ಒತ್ತಿ ಹಿಡಿದು, “ನಾಲ್ಕು ಮಿಲಿ ಹೊರಗೆ ಉಂಟು ಮಾರಾಯ್ರೆ, ಕಿರುಚದೆ ಮತ್ತೇನು ಭಜನೆ ಮಾಡ್ತದಾ?” ಎಂದರು. ಬುಶ್ಶನ್ನು ನಾಲ್ಕು ಮಿಲಿಮೀಟರ್ ಸವೆಸಿ ತಂದ ಮೇಲೆ ಬೆಲ್ಟು ಬಾಯಿ ಮುಚ್ಚಿತು.

ಏಳನೆಯ ದಿನ ಬೆಳಿಗ್ಗೆ ಎಂಜಿನ್ ಬಿಸಿಯಾಗತೊಡಗಿತು. ಫ್ಯಾನು ತಿರುಗುತ್ತಿತ್ತು, ರೇಡಿಯೇಟರಿನಲ್ಲಿ ನೀರಿತ್ತು, ಆದರೂ ಹತ್ತು ನಿಮಿಷಕ್ಕೆ ಬಿಸಿಯ ಸೂಜಿ ಕೆಂಪಿಗೆ ಹೋಗುತ್ತಿತ್ತು. ನೀರಿನ ಪಂಪು ನೋಡಿದೆ, ಥರ್ಮೋಸ್ಟಾಟ್ ಬಿಚ್ಚಿದೆ, ಪೈಪು ಹಿಂಡಿದೆ. ಬಾಲ ಸುಟ್ಟ ಬೆಕ್ಕಿನಂತೆ ಗಾಡಿಯ ಸುತ್ತ ತಿರುಗಿದೆ. ಕಾಕಾ ಐದು ದಿನದಿಂದ ನನ್ನೊಡನೆ ಮಾತಾಡಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಅಂಗಡಿಯ ದೇವರಿಗೆ ಊದಿನಕಡ್ಡಿ ಬೆಳಗಿ, ಆಮೇಲೆ ಒಳಗಿರುವ ಪ್ರತಿ ಗಾಡಿಯ ಮೂತಿಗೂ ಬೆಳಗುವುದು ಅವರ ಪದ್ಧತಿ. ಸಿಟ್ಟಿದ್ದರೂ ಅದನ್ನು ಬಿಡುವವರಲ್ಲ. ಹಸಿರು ಗಾಡಿಯ ಮುಂದೆ ನಿಂತು ಊದಿನಕಡ್ಡಿ ಎತ್ತಿದರು. ಹೊಗೆಯೆಲ್ಲ ಗಾಡಿಯ ಒಳಗೆ ಹೋಗುವ ಬದಲು ಅವರ ಮುಖಕ್ಕೇ ಬಡಿಯಿತು. ಕೆಮ್ಮುತ್ತ ಕಣ್ಣೊರೆಸಿಕೊಂಡರು.

“ಲೇ ತಮ್ಮಾ! ನಿನ್ನ ಫ್ಯಾನ್ ನನಗ ಗಾಳಿ ಬೀಸಾಕತ್ತೈತಲ್ಲೋ! ಅದು ಗಾಳಿ ಒಳಗ ಎಳೀಬೇಕೋ, ಹೊರಗ ದೂಕಬೇಕೋ?”

ಹಣೆ ಚಚ್ಚಿಕೊಂಡೆ. ಇಡೀ ಗಾಡಿಯ ಪ್ಲಸ್ಸು ಮೈನಸ್ಸು ತಿರುಗಿಸಿದ್ದೆ, ಫ್ಯಾನಿನ ವೈರು ಮಾತ್ರ ತಿರುಗಿಸಿರಲಿಲ್ಲ. ಸೆಲ್ಫಿನಂತಲ್ಲ ಅದು, ಕರೆಂಟು ಉಲ್ಟಾ ಆದರೆ ಅದೂ ಉಲ್ಟಾ ತಿರುಗುತ್ತದೆ. ಎರಡು ವೈರು ಬದಲಿಸಿದೆ, ಎರಡು ನಿಮಿಷದ ಕೆಲಸ. ಆದರೆ ಕಾಕಾ ಮಾತಾಡಿದ್ದರು. ಆ ಖುಷಿಗೆ ಅವತ್ತು ಇಬ್ಬರಿಗೂ ವಡಾಪಾವ್ ತರಿಸಿದೆ.

ಗುರುವಾರ, ರ‍್ಯಾಲಿಗೆ ಮೂರು ದಿನ ಇರುವಾಗ, ಎಲ್ಲ ಕೂಡಿಬಂತು. ಎಂಜಿನ್ ನಿಧಾನಕ್ಕೆ ತಿರುಗುತ್ತಿತ್ತು. ಹೆಡ್‌ಲೈಟ್ ಹಾಕಿದೆ, ಫ್ಯಾನ್ ಹಾಕಿದೆ, ಹಾರ್ನ್ ಒತ್ತಿದೆ. ಸೂಜಿ ಬಲಗಡೆಯೇ ನಿಂತಿತ್ತು. ಗಾಡಿ ನಿಂತಲ್ಲೇ ನಿಂತು ಬ್ಯಾಟರಿ ತುಂಬಿಸುತ್ತಿತ್ತು! ಗಲ್ಲಿಯವರು ನಾಲ್ಕೈದು ಮಂದಿ ಸುತ್ತ ನಿಂತಿದ್ದರು. ಕಾಕಾ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ನನಗೆ ಹಿಗ್ಗು ತಡೆಯಲಾಗಲಿಲ್ಲ.

ಇಲ್ಲಿ ನಮ್ಮ ಕಸುಬಿನ ಒಂದು ಚಾಳಿಯ ಬಗ್ಗೆ ಹೇಳಬೇಕು. ಡೈನಮೋ ಕಾಲದ ಮಿಸ್ತ್ರಿಗಳೆಲ್ಲ ರಿಪೇರಿ ಮುಗಿದ ಮೇಲೆ ಗಿರಾಕಿಯ ಕಣ್ಣೆದುರಿಗೆ ಒಂದು ಪರೀಕ್ಷೆ ಮಾಡುತ್ತಿದ್ದರು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ತುದಿಯನ್ನು ಕಿತ್ತು ಎತ್ತಿ ತೋರಿಸುವುದು. ಎಂಜಿನ್ ನಿಲ್ಲದಿದ್ದರೆ ಡೈನಮೋ ತನ್ನ ಕಾಲ ಮೇಲೆ ನಿಂತಿದೆ ಎಂದು ಅರ್ಥ. ಅದೊಂದು ದೊಡ್ಡಸ್ತಿಕೆ, ಅಡುಗೆಯವನು ದೋಸೆಯನ್ನು ಗಾಳಿಗೆ ಎಸೆದು ಹಿಡಿದ ಹಾಗೆ. ನನಗೆ ಹದಿನಾರು ವರ್ಷವಿದ್ದಾಗ ಕಾಕಾ ಇದನ್ನು ಕಲಿಸಿದ್ದರು. ಆದರೆ ಆಲ್ಟರ್ನೇಟರಿಗೆ ಇದನ್ನು ಮಾಡಲೇಬಾರದು. ಬ್ಯಾಟರಿ ಕಿತ್ತ ಕ್ಷಣ ಕರೆಂಟಿಗೆ ಹೋಗಲು ಜಾಗವಿಲ್ಲದೆ ವೋಲ್ಟು ನೆಗೆಯುತ್ತದೆ, ಒಳಗಿನ ಸೂಕ್ಷ್ಮ ಸಾಮಾನೆಲ್ಲ ಸುಡುತ್ತದೆ. ಅದರ ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಹಾಗೆ ಬರೆದಿತ್ತು. ಅವತ್ತು ಬೆಳಿಗ್ಗೆ ಅದನ್ನು ಕಾಕಾನಿಗೆ ಜೋರಾಗಿ ಓದಿ ಹೇಳಿದವನೂ ನಾನೇ.

ಆದರೂ ನನ್ನ ಕೈ ಹೋಯಿತು. ಬಾಯಿ ಗಲ್ಲಿಯವರ ಜೊತೆ ಮಾತಾಡುತ್ತಿತ್ತು, ಕೈ ತನ್ನಷ್ಟಕ್ಕೆ ಹೋಗಿ ಕ್ಲಾಂಪನ್ನು ಸಡಿಲಿಸಿ ಎತ್ತಿತು. ಹೆಡ್‌ಲೈಟು ಎರಡೂ ಒಮ್ಮೆ ಬೆಳ್ಳಗೆ ಉರಿದು ಪಟ್ ಎಂದವು. ಸುಟ್ಟ ವಾಸನೆ ಬಂತು. ಸೂಜಿ ಸೊನ್ನೆಗೆ ಬಂದು ಕೂತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹೋಗಲಿಲ್ಲ, ಆಲ್ಟರ್ನೇಟರ್ ಸುಟ್ಟಿತು.

ಸುತ್ತ ನಿಂತವರು ಒಬ್ಬೊಬ್ಬರೇ ಜಾರಿಕೊಂಡರು. ಕಾಕಾ ಹಂಗಿಸುತ್ತಾರೆ ಎಂದು ತಲೆ ತಗ್ಗಿಸಿ ಕಾದೆ. ಅವರು ಎದ್ದು ಬಂದು, ನನ್ನ ಕೈಯಲ್ಲಿದ್ದ ಕ್ಲಾಂಪನ್ನು ಬಿಡಿಸಿ ತೆಗೆದುಕೊಂಡು, “ಆ ಚಾಳಿ ನಿನಗ ಕಲಿಸಿದಾಂವ ನಾನ,” ಎಂದರು. ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು.

ಮುಂದೆ ಎರಡು ದಾರಿಗಳಿದ್ದವು. ಕಾಕಾ ಸುತ್ತಿದ ಡೈನಮೋ ಕಪಾಟಿನ ಮೇಲೆ ಮಿರಮಿರ ಹೊಳೆಯುತ್ತ ಕೂತಿತ್ತು. ಶನಿವಾರದ ಒಳಗೆ ಅದನ್ನೇ ಮತ್ತೆ ಏರಿಸಿ, ಎಲ್ಲ ಹಿಂದಿನಂತೆ ಮಾಡಿ, ದಾರಿ ಖಾಲಿ ಇರಲಿ ಎಂದು ದೇವರಿಗೆ ಕೈ ಮುಗಿಯಬಹುದಿತ್ತು. ಅಥವಾ ಇನ್ನೊಂದು ಆಲ್ಟರ್ನೇಟರ್ ತಂದು ಎರಡು ದಿನದಲ್ಲಿ ಮತ್ತೆ ಮಾಡಬೇಕು. ಡಾಕ್ಟರಮ್ಮನಿಗೆ ಹೇಳದೆಯೂ ಮಾಡಬಹುದಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ದಾರಿಯಲ್ಲಿ ನಿಂತರೆ ಕೈತಪ್ಪಿ ಹೋಗುವುದು ಅವರ ಗಾಡಿ, ನನ್ನದಲ್ಲ. ಸಂಜೆ ಕುರ್ಲಾದಲ್ಲಿ ಲೋಕಲ್ ರೈಲು ಹತ್ತಿ ಘಾಟ್ಕೋಪರಿನ ಅವರ ಮನೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಯಾಕೆ ಸುಟ್ಟಿತು ಅಂತ ಗೊತ್ತಾ?”

“ಗೊತ್ತೈತ್ರಿ. ನನ್ನ ಕೈಯಿಂದ.”

“ಯಂತ್ರದ ದೋಷ ಅಲ್ಲ?”

“ಅಲ್ರಿ. ಅದು ಚಂದ ನಡದಿತ್ತು.”

“ಮತ್ತೆ ಏನು ಹಾಕ್ತೀರಿ? ನಿಜ ಹೇಳಿ.”

“ಆಲ್ಟರ್ನೇಟರ್ರಿ. ಡೈನಮೋ ಹಾಕಿದ್ರ ಗಾಡಿ ಸಾಯನ್‌ನಾಗ ನಿಂದ್ರತೈತಿ. ಇದು ಹಾಕಿದ್ರ ಬರತೈತಿ. ಹೊಸಾದು ನನ್ನ ಖರ್ಚಿನಾಗ ತರತೀನಿ.”

“ಸರಿ, ಹಾಕಿ.” ಒಳಗೆ ಹೋಗಿ ಕಾಫಿ ತಂದುಕೊಟ್ಟರು. “ನೋಡಿ ಮಿಸ್ತ್ರಿ, ಆಪರೇಷನ್ ಥಿಯೇಟರಲ್ಲಿ ನಾವು ಕೈಯನ್ನ ನಂಬ್ತಿರಲಿಲ್ಲ. ಎರಡು ಬಾಟಲಿ ಒಂದೇ ಥರ ಇದ್ರೆ ಒಂದರ ಬಾಯಿಗೆ ಪಟ್ಟಿ ಸುತ್ತಿಬಿಡ್ತಿದ್ವಿ. ಕೈ ಹೋದ್ರೂ ಪಟ್ಟಿ ಬಿಚ್ಚೋಷ್ಟರಲ್ಲಿ ತಲೆ ಎಚ್ಚರ ಆಗುತ್ತೆ. ನೀವೂ ಕೈಗೆ ಏನಾದ್ರೂ ಅಡ್ಡ ಇಡಿ.”

ಈ ಮಾತನ್ನು ಶುಕ್ರವಾರ ಬೆಳಿಗ್ಗೆ ಕಾಕಾನಿಗೆ ಹೇಳಿದೆ. ಅವರು ಕೇಳಿಸಿಕೊಂಡದ್ದು ಗೊತ್ತಾಗಲಿಲ್ಲ. ನಾನು ಹೊಸ ಆಲ್ಟರ್ನೇಟರ್ ತಂದು, ಏರಿಸಿ, ಬೆಲ್ಟ್ ಬಿಗಿದು, ಬಲ್ಬು ಬದಲಿಸಿ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವರು ಬ್ಯಾಟರಿಯ ಎರಡೂ ಕ್ಲಾಂಪುಗಳ ಮೇಲೆ ಕೆಂಪು ಟೇಪನ್ನು ಸುತ್ತಿ ಸುತ್ತಿ ನಿಂಬೆಹಣ್ಣಿನ ಗಾತ್ರ ಮಾಡಿಬಿಟ್ಟಿದ್ದರು. ಡೈನಮೋದ ಸುರುಳಿಗೆ ಹತ್ತಿ ಪಟ್ಟಿ ಸುತ್ತುವ ಅದೇ ಕೈಯ ಅದೇ ಅಚ್ಚುಕಟ್ಟು.

“ಇದನ್ನ ಬಿಚ್ಚಾಕ ಹತ್ತ ಮಿನಿಟ್ ಬೇಕು,” ಎಂದರು. “ಅಷ್ಟರಾಗ ನಿನಗ ಬುದ್ಧಿ ಬರತೈತಿ. ನನಗೂ ಬರತೈತಿ.”

ಶನಿವಾರ ಗಾಡಿಯನ್ನು ಗಲ್ಲಿಯಲ್ಲೇ ನಿಲ್ಲಿಸಿ, ಎಲ್ಲ ದೀಪ, ಫ್ಯಾನು ಹಾಕಿ, ಎಂಜಿನ್ ನಿಧಾನಕ್ಕೆ ಬಿಟ್ಟು ಎರಡು ಗಂಟೆ ಓಡಿಸಿದೆ. ಹೊಗೆ ಕುಡಿದ ಅಕ್ಕಪಕ್ಕದವರು ಮೂರು ಭಾಷೆಯಲ್ಲಿ ಬೈದರು. ಕಾಕಾ ಮೀಟರ್ ಹಿಡಿದು ಬ್ಯಾಟರಿಯ ಪಕ್ಕ ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ಹದಿಮೂರು ಮುಕ್ಕಾಲು ವೋಲ್ಟು, ಹದಿಮೂರು ಮುಕ್ಕಾಲು, ಹದಿನಾಲ್ಕು. ನಡುವೆ ಒಮ್ಮೆಯೂ ಹದಿಮೂರರ ಕೆಳಗಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಸ್ಟಿಯರಿಂಗ್ ಹಿಡಿದರು. ಪಕ್ಕದಲ್ಲಿ ನಾನು, ಸೀಟಿನ ಹಿಂದೆ ನನ್ನ ಚೀಲ. ಹಿಂದೆ ತನ್ನ ಗಾಡಿಯಲ್ಲಿ ಮಗ, ಡಿಕ್ಕಿಯಲ್ಲಿ ಹಗ್ಗ. ಹೋಗುವ ದಾರಿ ಖಾಲಿಯಿತ್ತು. ಫೋರ್ಟಿನಲ್ಲಿ ಜನ ಫೋಟೋ ತೆಗೆದರು, ತೀರ್ಪುಗಾರರು ಬಾನೆಟ್ ತೆರೆದು ಕೆಂಪು ಟೇಪನ್ನು ನೋಡಿ ಮುಖ ಕಿವಿಚಿ ಅಂಕ ಕಳೆದರು. ಡಾಕ್ಟರಮ್ಮ ಅವರಿಗೆ ಥ್ಯಾಂಕ್ಸ್ ಎಂದರು. ನನಗೆ ಅದ್ಯಾವುದೂ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಸಂಜೆಯ ಟ್ರಾಫಿಕ್. ಅದನ್ನು ದಾಟದೆ ಮನೆ ಸೇರಿದರೆ ಅದೃಷ್ಟದಿಂದ ಬಂದಿತು ಎನ್ನುತ್ತಾರೆ. ಟ್ರಾಫಿಕ್ ಜಾಮ್ ಆಗಲಿ ಎಂದು ಬೇಡಿಕೊಂಡವನು ಆ ಊರಲ್ಲಿ ಅವತ್ತು ನಾನೊಬ್ಬನೇ ಇರಬೇಕು.

ದೇವರು ಕೈ ಬಿಡಲಿಲ್ಲ. ಸಾಯನ್ ಫ್ಲೈಓವರ್ ದಾಟಿ ಎಲ್.ಬಿ.ಎಸ್. ಮಾರ್ಗಕ್ಕೆ ಇಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯ. ರಸ್ತೆ ಅಗೆದಿದ್ದರು, ಬಸ್ಸೊಂದು ಅಡ್ಡ ನಿಂತಿತ್ತು, ಕಣ್ಣು ಹಾಯುವಷ್ಟು ದೂರ ಬ್ರೇಕಿನ ಕೆಂಪು ದೀಪಗಳು. ಹತ್ತು ನಿಮಿಷಕ್ಕೆ ಹತ್ತು ಅಡಿ ಸರಿದೆವು. ಹೆಡ್‌ಲೈಟ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು.

“ಎಷ್ಟು?” ಎಂದರು ಡಾಕ್ಟರಮ್ಮ, ರಸ್ತೆಯಿಂದ ಕಣ್ಣು ಕೀಳದೆ.

“ಪ್ಲಸ್ ಆರು.”

“ನಲವತ್ತು ವರ್ಷ ಸೂಜಿ ನೋಡ್ತಾ ಕೂತವಳು ನಾನು. ಇಷ್ಟು ಚೆನ್ನಾಗಿರೋ ಪೇಷೆಂಟು ಕಡಿಮೆ.”

ಕುರ್ಲಾ ಬಂದಾಗ ಫುಟ್‌ಪಾತಿನ ಮೇಲೆ ಕಾಕಾ ನಿಂತಿದ್ದರು. ನಾಲ್ಕು ಗಂಟೆಯಿಂದ ನಿಂತಿದ್ದರಂತೆ. ರಸ್ತೆಗಿಳಿದು, ನಮ್ಮ ಗಾಡಿಯ ಪಕ್ಕದಲ್ಲೇ ನಡೆಯುತ್ತ ಬಂದರು. ಆ ಟ್ರಾಫಿಕ್ಕಿನಲ್ಲಿ ಅವರ ನಡಿಗೆಯೇ ನಮಗಿಂತ ಜೋರಿತ್ತು, ಎರಡು ಸಲ ನಿಂತು ಕಾಯಬೇಕಾಯಿತು. ಬಗ್ಗಿ ಒಳಗೆ ಇಣುಕಿದರು.

“ದೀಪ ಹಚ್ಚೀರಿ?”

“ಹಚ್ಚೇವ್ರಿ ಕಾಕಾ.”

“ಫ್ಯಾನು?”

“ತಿರಗಾಕತ್ತೈತಿ.”

ಸೂಜಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಟ್ಯಾಕ್ಸಿಯವನ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಇದು ನಮ್ಮ ಅಂಗಡಿಯ ಕೆಲಸವೆಂದು ಎದೆಯುಬ್ಬಿಸಿ ಹೇಳಿದರು: “ಹಮಾರೇ ದುಕಾನ್ ಕಾ ಕಾಮ್ ಹೈ!”

ಸ್ವಲ್ಪ ಮುಂದೆ ಟ್ರಾಫಿಕ್ ಪೂರ್ತಿ ನಿಂತುಬಿಟ್ಟಿತು. ಡಾಕ್ಟರಮ್ಮ ನನ್ನ ಮುಖ ನೋಡಿ, ಒಂದು ಮಾತೂ ಕೇಳದೆ, ಬೀಗದ ಕೈ ತಿರುಗಿಸಿ ಎಂಜಿನ್ ಬಂದ್ ಮಾಡಿದರು. ಎರಡು ವರ್ಷವೂ ಹೀಗೆ ನಿಂತ ಎಂಜಿನ್ನೇ ಮತ್ತೆ ಏಳದೆ ಹೋದದ್ದು. ಹಿಂದಿನಿಂದ ಬಾಗಿಲು ಬಡಿದ ಸದ್ದು ಬಂತು. ಮಗ ಓಡಿ ಬಂದ, ಎರಡೂ ಕೈಯನ್ನು ಗಾಡಿಯ ಹಿಂಭಾಗಕ್ಕೆ ಒತ್ತಿ ತಳ್ಳಲು ಬಗ್ಗಿ ನಿಂತ. “ಹೋಯ್ತಾ? ಭೈಯ್ಯಾ, ಹೋಯ್ತಾ?”

“ಹೋಗಿಲ್ಲ ಕಣೋ, ನಾನೇ ನಿಲ್ಲಿಸಿದ್ದು. ಪೆಟ್ರೋಲ್ ಯಾಕೆ ಸುಡೋದು?” ಎಂದರು ಡಾಕ್ಟರಮ್ಮ. ಹೆಡ್‌ಲೈಟ್ ಆರಿಸಲೂ ಇಲ್ಲ. ಮುಂದಿನ ಬಸ್ಸು ಅಲುಗಾಡಿದಾಗ ಸೆಲ್ಫಿನ ಗುಂಡಿ ಒತ್ತಿದರು. ಅರ್ಧ ಸುತ್ತು ತಿರುಗುವಷ್ಟರಲ್ಲೇ ಎಂಜಿನ್ ಗುಡುಗಿತು. ಗಾಡಿ ಮಗನ ಕೈಯಿಂದ ಜಾರಿ ಮುಂದೆ ಹೋಯಿತು. ಅವನು ಬಗ್ಗಿದವನು ಬಗ್ಗಿದಂತೆಯೇ, ಕೈ ಮುಂದೆ ಚಾಚಿಕೊಂಡು ರಸ್ತೆಯ ನಡುವೆ ಉಳಿದ. ಕಾಕಾ ಸೀಟಿ ಹೊಡೆದರು. ನಾನು ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ.

ಘಾಟ್ಕೋಪರಿನ ಅವರ ಸೊಸೈಟಿಯ ಗೇಟು ಮುಟ್ಟುವಾಗ ಎರಡು ಗಂಟೆ ಟ್ರಾಫಿಕ್ ನುಂಗಿದ್ದೆವು. ಮಗ ತನ್ನ ಗಾಡಿ ನಿಲ್ಲಿಸಿ ಬಂದು, ಅಮ್ಮನ ಭುಜದ ಮೇಲಿಂದ ಬಗ್ಗಿ ಸೂಜಿಯನ್ನು ನೋಡಿದ. ಅದು ಬಲಕ್ಕೇ ಇತ್ತು. ಜೇಬಿನಿಂದ ಫೋನ್ ತೆಗೆದು, ನಮ್ಮೆದುರಿಗೇ ಹೋಟೆಲಿನವನಿಗೆ ಹಚ್ಚಿ, ಮಾರುವುದಿಲ್ಲ ಎಂದ.

“ಸಾರಿ ಸಾಬ್, ಗಾಡಿ ಬೇಚನೀ ನಹೀ ಹೈ. ನಹೀ ನಹೀ, ರೇಟ್ ಕೀ ಬಾತ್ ನಹೀ.” ಸ್ಟಿಯರಿಂಗ್ ಹಿಡಿದಿದ್ದ ಅಮ್ಮನ ಕಡೆ ನೋಡಿದ. “ಮೇರೀ ಮಾ ಚಲಾತೀ ಹೈ.”

ಡಾಕ್ಟರಮ್ಮ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಈ ಕಡೆ ತಿರುಗುವ ಹೊತ್ತಿಗೆ ದನಿ ಗಟ್ಟಿಯಾಗಿತ್ತು. “ಮಿಸ್ತ್ರಿ, ನೀವು ಸ್ವಲ್ಪ ಇಳೀರಪ್ಪ. ನೀನು ಹತ್ತೋ. ಒಂದು ರೌಂಡ್ ಹಾಕ್ಕೊಂಡು ಬರೋಣ.”

ಇಳಿದೆ. ಮಗ ಉದ್ದ ಕಾಲುಗಳನ್ನು ಮಡಚಿಕೊಂಡು ಹೇಗೋ ತೂರಿ ಕೂತ. ಗಾಡಿ ಹಾರ್ನ್ ಹೊಡೆಯುತ್ತ ಹೊರಟಿತು. ಅದು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ನೆನಪಾಯಿತು, ನನ್ನ ಚೀಲ, ಪಾನಾ, ಮೀಟರ್, ಮನೆಯ ಬೀಗದ ಕೈ ಎಲ್ಲ ಸೀಟಿನ ಹಿಂದೆಯೇ ಉಳಿದಿವೆ. ವಾಚ್‌ಮನ್ ಕುರ್ಚಿ ಕೊಟ್ಟ. ಅರ್ಧ ಗಂಟೆಯಾದರೂ ಅವರು ಬರಲಿಲ್ಲ.

“ಆಯೇಗಾ ಕ್ಯಾ ವೋ ಗಾಡಿ?” ಎಂದ ವಾಚ್‌ಮನ್. ಹಿಂದಿನ ಎರಡು ವರ್ಷ ಅದನ್ನು ಹಗ್ಗ ಕಟ್ಟಿ ಗೇಟಿನೊಳಗೆ ಎಳೆದು ತಂದಾಗ ಕೈ ಹಾಕಿದವನು ಅವನೇ.

“ಆಯೇಗಾ,” ಎಂದೆ. ಆ ಗಾಡಿಯ ವಿಷಯದಲ್ಲಿ ಬರುತ್ತದೆ ಎಂಬ ಮಾತನ್ನು ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.